ಹಂದಿ, ಸಿಗಡಿ ಮತ್ತು ಯಾಜಕಕಾಂಡ



ಕಾಸರಗೋಡಿನ ನಮ್ಮ ಕಡೆ ಕಾಲೇಜಿಗೆ ಹೋದ ಕ್ರೈಸ್ತ ಹುಡುಗ ಹುಡುಗಿಯರಲ್ಲಿ ಈ ಪ್ರಶ್ನೆ ಕೇಳಿಸಿಕೊಳ್ಳದವರು ಕಡಿಮೆ: "ನಿಮ್ಮ ಬೈಬಲಿನಲ್ಲೇ ಹಂದಿ ತಿನ್ನಬಾರದು ಅಂತ ಉಂಟಲ್ಲ ಮಾರಾಯ, ಮತ್ತೆ ನೀವು ಯಾಕೆ ತಿನ್ನುವುದು?" ಕೇಳುವವರು ಹೆಚ್ಚಾಗಿ ನಮ್ಮ ಮುಸ್ಲಿಂ ಗೆಳೆಯರು. ಜಗಳಕ್ಕೆಂದು ಕೇಳುವುದಲ್ಲ, ತಿಳಿದುಕೊಳ್ಳಲೆಂದೇ ಕೇಳುವುದು. ನಮ್ಮ ಉತ್ತರ ಸಿದ್ಧವಾಗಿರುತ್ತದೆ: "ಅದು ಹಳೆಯ ಒಡಂಬಡಿಕೆ, ಬಿಡು." ಹತ್ತು ಕಟ್ಟಳೆಗಳೂ ಹಳೆಯ ಒಡಂಬಡಿಕೆಯಲ್ಲೇ ಇವೆ. ಭಾನುವಾರ ನಾವು ಹಾಡುವ ಕೀರ್ತನೆಗಳೂ ಅಲ್ಲಿಯವೇ. ಅವನ್ನು ಇಟ್ಟುಕೊಂಡು ಇದನ್ನು ಯಾಕೆ ಬಿಟ್ಟಿರಿ ಎಂದು ಅವರು ಮುಂದಕ್ಕೆ ಕೇಳಿದರೆ ನಮ್ಮ ಬಾಯಿ ಕಟ್ಟುತ್ತದೆ.

ಈಚೆಗೆ ಅದೇ ಪ್ರಶ್ನೆ ಒಳಗಿನಿಂದಲೂ ಬರುತ್ತಿದೆ. ಮೊಬೈಲಿನಲ್ಲಿ ಮಲಯಾಳದಲ್ಲೂ ಕನ್ನಡದಲ್ಲೂ ಪ್ರಸಂಗಗಳು ಬರುತ್ತವೆ. ಯಾಜಕಕಾಂಡ 11ನೇ ಅಧ್ಯಾಯ ಇಂದಿಗೂ ಜಾರಿಯಲ್ಲಿದೆ, ಹಂದಿ ತಿನ್ನುವವನು ಪಾಪ ಮಾಡುತ್ತಾನೆ ಎಂದು ಹೇಳುತ್ತವೆ. ನಮ್ಮ ಯುವಕೂಟದ ಒಬ್ಬ ಗೆಳೆಯ ಅದನ್ನು ಕೇಳಿ ಹಂದಿ ಬಿಟ್ಟ. ಬಿಟ್ಟದ್ದಕ್ಕೆ ಯಾರ ತಕರಾರೂ ಇರಲಿಲ್ಲ. ಆಮೇಲೆ ಹಂದಿ ಬೇಯಿಸಿದ ಪಾತ್ರೆಯ ಸಾರೂ ಬೇಡವೆಂದ. ಅದಾದ ಮೇಲೆ ಹಬ್ಬಕ್ಕೆ ಅಜ್ಜಿಯ ಮನೆಗೆ ಹೋಗುವುದನ್ನೂ ನಿಲ್ಲಿಸಿದ. ಆ ಅಜ್ಜಿ ಹಿತ್ತಿಲಲ್ಲಿ ಹಂದಿ ಸಾಕಿ, ಮಾರಿ, ಅವನ ಅಪ್ಪನನ್ನು ಓದಿಸಿದವರು. ತನ್ನ ಕೈಯಡುಗೆ ಯಾಕೆ ಅಶುದ್ಧವಾಯಿತೆಂದು ಅವರಿಗೆ ಇಂದಿಗೂ ಅರ್ಥವಾಗಿಲ್ಲ. ಹಾಗಾಗಿ ಎರಡು ಭಾನುವಾರ ಬಲಿಪೂಜೆಯ ನಂತರ ನಾವು ಕೂತು ಬೈಬಲ್ ತೆರೆದು ಮಾತಾಡಿದೆವು. ಅಲ್ಲಿ ನಾವು ತಲುಪಿದ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇವೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಆ ಆಹಾರ ನಿಯಮಗಳು ನಮಗೆ ಅನ್ವಯಿಸುವುದಿಲ್ಲ. ಯಾಕೆ ಅನ್ವಯಿಸುವುದಿಲ್ಲ ಎಂಬುದರಲ್ಲೇ ಎಲ್ಲ ಇದೆ.

ಮೊದಲು ಆ ಅಧ್ಯಾಯ ಏನು ಹೇಳುತ್ತದೆಂದು ನೋಡೋಣ. ನೆಲದ ಪ್ರಾಣಿಗಳಲ್ಲಿ ಗೊರಸು ಸೀಳಿರಬೇಕು, ಮೆಲುಕೂ ಹಾಕಬೇಕು. ದನ, ಕುರಿ, ಆಡು, ಜಿಂಕೆ ಆಗಬಹುದು. ಒಂಟೆ ಮತ್ತು ಮೊಲ ಮೆಲುಕು ಹಾಕಿದರೂ ಗೊರಸು ಸೀಳಿಲ್ಲವೆಂದು ನಿಷೇಧ. ಹಂದಿಯ ಗೊರಸು ಸೀಳಿದ್ದರೂ ಮೆಲುಕು ಹಾಕುವುದಿಲ್ಲ, ಅದೂ ನಿಷೇಧ. ನೀರಿನ ಪ್ರಾಣಿಗಳಿಗೆ ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಕೆಲವು ಜಾತಿಯ ಮಿಡತೆಗಳನ್ನು ತಿನ್ನಬಹುದು.

ನೀರಿನ ನಿಯಮವನ್ನು ಇನ್ನೊಮ್ಮೆ ಓದಿ. ಸಿಗಡಿ, ಏಡಿ, ಮರುವಾಯಿ, ಬೊಂಡಾಸ್, ಕಲ್ಲುಮ್ಮಕಾಯಿ, ಒಂದೂ ಉಳಿಯುವುದಿಲ್ಲ. ತೊರಕೆ, ತಾಟೆ ಮೀನುಗಳ ಮೇಲೆ ಈ ಹುರುಪೆ ಎಲ್ಲಿದೆ? ಹಂದಿಗೆ ಸಿಗುವ ಗದರಿಕೆ ಸಿಗಡಿಗೆ ಯಾವ ಪ್ರಸಂಗದಲ್ಲೂ ಸಿಗುವುದನ್ನು ನಾವು ಕೇಳಿಲ್ಲ. ಕಡಲ ಕರೆಯಲ್ಲಿ ಕೂತು ಯಾಜಕಕಾಂಡವನ್ನು ಪಾಲಿಸುತ್ತೇನೆ ಎನ್ನುವವರು ಮೊದಲು ಮೀನು ಮಾರ್ಕೆಟಿಗೆ ಹೋಗಿ ಬರಬೇಕು. ಅಂದ ಹಾಗೆ ಇದನ್ನು ಪೂರ್ತಿಯಾಗಿ ಪಾಲಿಸುವ ಕ್ರೈಸ್ತರೂ ಇದ್ದಾರೆ. ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ಶುದ್ಧ ಅಶುದ್ಧ ಪ್ರಾಣಿಗಳ ಭೇದವನ್ನು ಇಂದಿಗೂ ಬೋಧಿಸುತ್ತದೆ, ಇಥಿಯೋಪಿಯಾದ ಪುರಾತನ ಸಭೆಯವರು ಹಂದಿ ಮುಟ್ಟುವುದಿಲ್ಲ. ಅವರ ಶಿಸ್ತನ್ನು ನಾವು ಗೌರವಿಸುತ್ತೇವೆ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟು ಅಜ್ಜಿಯನ್ನು ಪಾಪಿ ಮಾಡುವುದಕ್ಕೆ ಮಾತ್ರ ನಮ್ಮ ವಿರೋಧ.

ನಮ್ಮ ಕೂಟದಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಆರೋಗ್ಯದ ವಾದ. ಹಂದಿಯಲ್ಲಿ ಹುಳ ಇರುತ್ತದೆ, ದೇವರಿಗೆ ಅದು ಮೊದಲೇ ಗೊತ್ತಿತ್ತು, ಅದಕ್ಕೇ ಬೇಡವೆಂದರು ಎಂದು ಹಲವರು ನಂಬಿದ್ದಾರೆ. ಬಿಎಸ್‌ಸಿ ಓದಿದವರಾಗಿ ನಮಗೂ ಇದು ಮೊದಲಿಗೆ ಹಿತವಾಗಿ ಕೇಳುತ್ತದೆ, ಧರ್ಮಗ್ರಂಥ ಮತ್ತು ಪ್ರಯೋಗಾಲಯ ಒಂದೇ ಮಾತು ಹೇಳಿದಂತಾಗುತ್ತದೆ. ಆದರೆ ಲೆಕ್ಕ ಕೂಡುವುದಿಲ್ಲ. ಸರಿಯಾಗಿ ಬೇಯದ ಹಂದಿ ಮಾಂಸದಿಂದ ಟೀನಿಯಾ ಸೋಲಿಯಂ ಎಂಬ ಲಾಡಿಹುಳು ಬರುವುದು ನಿಜ. ಸರಿಯಾಗಿ ಬೇಯದ ದನದ ಮಾಂಸದಿಂದ ಟೀನಿಯಾ ಸಜಿನೇಟ ಎಂಬ ಅದರ ಬಂಧು ಬರುತ್ತದೆ, ದನವೋ ಶುದ್ಧ ಪಟ್ಟಿಯಲ್ಲಿದೆ. ಮಿದುಳಿಗೆ ಹೋಗಿ ಫಿಟ್ಸ್ ತರಿಸುವ, ಎಲ್ಲರೂ ಹೆದರುವ ಆ ಕಾಯಿಲೆ ಹಂದಿ ಮಾಂಸ ತಿಂದುದರಿಂದ ನೇರವಾಗಿ ಬರುವುದಲ್ಲ. ಲಾಡಿಹುಳು ಇರುವ ಮನುಷ್ಯನ ಮಲದ ಮೂಲಕ ಹೊರಬಿದ್ದ ಮೊಟ್ಟೆಗಳು ನೀರಿಗೆ, ಸೊಪ್ಪು ತರಕಾರಿಗೆ, ಕೊಳೆ ಕೈಗೆ ಸೇರಿ ಹೊಟ್ಟೆಗೆ ಹೋದಾಗ ಬರುತ್ತದೆ. ಹಾಗಾಗಿಯೇ ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಅದು ಬರುತ್ತದೆ.

ಮೊಲದ ವಿಷಯವೂ ಹಾಗೆಯೇ. ಜೀವಶಾಸ್ತ್ರದ ಪ್ರಕಾರ ಮೊಲ ಮೆಲುಕು ಹಾಕುವ ಪ್ರಾಣಿಯೇ ಅಲ್ಲ. ಅದು ತನ್ನ ಮೆದು ಹಿಕ್ಕೆಯನ್ನು ತಾನೇ ಇನ್ನೊಮ್ಮೆ ತಿಂದು ಜೀರ್ಣಿಸಿಕೊಳ್ಳುತ್ತದೆ. ಬಾಯಿ ಆಡಿಸುವುದನ್ನು ನೋಡಿದವರಿಗೆ ಮೆಲುಕಿನಂತೆ ಕಾಣುತ್ತದೆ. ಯಾಜಕಕಾಂಡ ಕಣ್ಣಿಗೆ ಕಂಡಂತೆ ಹೇಳಿದೆ, ಅದರಲ್ಲಿ ತಪ್ಪೇನಿಲ್ಲ. ಅದು ಪ್ರಾಣಿಶಾಸ್ತ್ರದ ಪಠ್ಯವಲ್ಲ ಅಷ್ಟೆ.

ಆರೋಗ್ಯದ ವಾದಕ್ಕೆ ಬೈಬಲೇ ಕೊಡುವ ಉತ್ತರ ಧರ್ಮೋಪದೇಶಕಾಂಡ 14ರಲ್ಲಿದೆ. ತಾನಾಗಿ ಸತ್ತ ಪ್ರಾಣಿಯನ್ನು ಇಸ್ರಯೇಲರು ತಿನ್ನಬಾರದು, ಆದರೆ ಊರಲ್ಲಿರುವ ಪರದೇಶಿಯವನಿಗೆ ಕೊಡಬಹುದು, ಅನ್ಯನಿಗೆ ಮಾರಬಹುದು ಎಂದಿದೆ. ಕಾಯಿಲೆ ಬರುತ್ತದೆಂಬುದು ಕಾರಣವಾಗಿದ್ದರೆ, ಪರದೇಶಿಯನ್ನು ಪ್ರೀತಿಸಿ ಎಂದು ಆಜ್ಞಾಪಿಸಿದ ಅದೇ ದೇವರು ಆ ಮಾಂಸವನ್ನು ಅವನಿಗೆ ಕೊಡಲು ಬಿಡುತ್ತಿದ್ದರೇ? ಕಾರಣ ಬೇರೆಯೇ ಇದೆ, ಆ ಅಧ್ಯಾಯಗಳೇ ಅದನ್ನು ಬಾಯಿಬಿಟ್ಟು ಹೇಳುತ್ತವೆ: ನೀವು ನನಗಾಗಿ ಬೇರ್ಪಟ್ಟ ಜನ, ಪವಿತ್ರ ಜನ. ಊಟದ ತಟ್ಟೆ ನೋಡಿದರೆ ಇವನು ಯಾವ ದೇವರ ಜನವೆಂದು ತಿಳಿಯಬೇಕು. ನಿಯಮದ ಕೆಲಸವೇ ಒಂದು ಗೆರೆ ಎಳೆಯುವುದಾಗಿತ್ತು.

ಆ ಗೆರೆಯನ್ನು ನಾವು ಹಗುರವಾಗಿ ಕಾಣಬಾರದು. ಕಥೋಲಿಕರ ಬೈಬಲಿನಲ್ಲಿರುವ ಮಕ್ಕಬಿಯರ ಎರಡನೇ ಗ್ರಂಥದ 6 ಮತ್ತು 7ನೇ ಅಧ್ಯಾಯಗಳನ್ನು ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? 90 ವರ್ಷದ ಎಲಿಯಾಜರ್ ಎಂಬ ಧರ್ಮಶಾಸ್ತ್ರಿಯ ಬಾಯಿ ತೆರೆದು ಹಂದಿ ಮಾಂಸ ತುರುಕುತ್ತಾರೆ. ಅವರ ಹಳೆಯ ಪರಿಚಯದವರು ಗುಟ್ಟಾಗಿ ಬೇರೆ ಮಾಂಸ ತರಿಸಿಕೊಂಡು ತಿಂದಂತೆ ನಟಿಸಿ, ಜೀವ ಉಳಿಸಿಕೊಳ್ಳಿ ಎನ್ನುತ್ತಾರೆ. ಹುಡುಗರು ನನ್ನನ್ನು ನೋಡಿ ದಾರಿ ತಪ್ಪುತ್ತಾರೆಂದು ಅವರು ಒಪ್ಪುವುದಿಲ್ಲ, ಪೆಟ್ಟು ತಿಂದು ಸಾಯುತ್ತಾರೆ. ಮುಂದಿನ ಅಧ್ಯಾಯದಲ್ಲಿ ಏಳು ಮಂದಿ ಅಣ್ಣತಮ್ಮಂದಿರು ಮತ್ತು ಅವರ ತಾಯಿ ಅದೇ ಕಾರಣಕ್ಕೆ ಸಾಯುತ್ತಾರೆ. ದೊರೆ ಅಂತಿಯೋಕನು ಯೆಹೂದ್ಯರ ಗುರುತನ್ನೇ ಅಳಿಸಲು ಹೊರಟಿದ್ದಾಗ ಹಂದಿ ಮಾಂಸದ ತುಣುಕು ದೇವರನ್ನು ಬಿಡುವ ಸಹಿಯಾಗಿತ್ತು. ದುಕ್ರಾಮಾಸಿನ ಬಗ್ಗೆ ಜೋಕು ಹಂಚುವವರು ಈ ಎರಡು ಅಧ್ಯಾಯಗಳನ್ನು ಒಮ್ಮೆ ಓದಬೇಕೆಂದು ನಮ್ಮ ಕೋರಿಕೆ.

ಯೇಸುಸ್ವಾಮಿಯೂ ಆ ಜನರ ನಡುವೆಯೇ ಹುಟ್ಟಿ, ಆ ನಿಯಮದಲ್ಲೇ ಬೆಳೆದವರು. ಮಾರ್ಕನ ಶುಭಸಂದೇಶ 7ರಲ್ಲಿ ಕೈ ತೊಳೆಯುವ ಜಗಳದ ನಡುವೆ ಅವರು, ಹೊರಗಿನಿಂದ ಒಳಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಹೃದಯದಿಂದ ಹೊರಬರುವುದೇ ಕೆಡಿಸುತ್ತದೆ ಎಂಬರ್ಥದಲ್ಲಿ ಹೇಳುತ್ತಾರೆ. ಹೀಗೆ ಎಲ್ಲ ಆಹಾರವೂ ಶುದ್ಧವಾಯಿತು ಎಂಬುದು ಮಾರ್ಕ ಸೇರಿಸುವ ವಿವರಣೆ. ಆ ಮಾತಿನ ಪೂರ್ತಿ ಅರ್ಥ ಶಿಷ್ಯರಿಗೆ ಅಂದೇ ಹೊಳೆದಿರಲಿಲ್ಲ. ಹೊಳೆದಿದ್ದರೆ ಮುಂದೆ ಜೊಪ್ಪದ ಮಾಳಿಗೆಯ ಮೇಲೆ ಪೇತ್ರರು, ಸ್ವಾಮಿ, ನಾನು ಇಂದಿನವರೆಗೆ ಅಶುದ್ಧವಾದದ್ದನ್ನು ತಿಂದವನಲ್ಲ ಎನ್ನುತ್ತಿರಲಿಲ್ಲ.

ಜೊಪ್ಪದ ಆ ಪ್ರಸಂಗ (ಪ್ರೇಷಿತರ ಕಾರ್ಯಕಲಾಪಗಳು 10) ನಮ್ಮ ಚರ್ಚೆಯ ನಡುಗಂಬ. ಪೇತ್ರರು ಇಳಿದುಕೊಂಡದ್ದು ಚರ್ಮ ಹದ ಮಾಡುವ ಸಿಮೋನನ ಮನೆಯಲ್ಲಿ. ಸತ್ತ ಪ್ರಾಣಿಗಳ ತೊಗಲು ಮುಟ್ಟುವ ಕಸುಬು, ಕಡಲ ಬದಿಯ ಮನೆ. ಆ ಕಸುಬಿನವರ ಮನೆಯನ್ನು ನಮ್ಮ ದೇಶದ ಊರುಗಳು ಎಲ್ಲಿ ಇಟ್ಟವೆಂದು ನಾವು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ, ಹಸಿದ ಹೊತ್ತಿನಲ್ಲಿ, ಎಲ್ಲ ಬಗೆಯ ಪ್ರಾಣಿಗಳಿರುವ ದೊಡ್ಡ ಬಟ್ಟೆಯೊಂದು ಆಕಾಶದಿಂದ ಇಳಿದಂತೆ ಅವರಿಗೆ ಕಾಣುತ್ತದೆ. ಕೊಯ್ದು ತಿನ್ನು ಎಂಬ ದನಿ ಕೇಳುತ್ತದೆ. ಮೂರು ಸಲ ಹೀಗಾಗುತ್ತದೆ. ಅಷ್ಟರಲ್ಲಿ ಸೆಜರೇಯದಿಂದ ರೋಮನ್ ಶತಾಧಿಪತಿ ಕೊರ್ನೇಲಿಯ ಕಳಿಸಿದ ಆಳುಗಳು ಬಾಗಿಲಲ್ಲಿ ನಿಂತಿರುತ್ತಾರೆ.

ಆಹಾರ ನಿಯಮ ಇಂದಿಗೂ ಇದೆ ಎನ್ನುವವರು ಇಲ್ಲಿ ಒಂದು ಬಲವಾದ ಮಾತು ಹೇಳುತ್ತಾರೆ. ಪೇತ್ರರೇ ಆ ದರ್ಶನದ ಅರ್ಥ ಬಿಡಿಸುವಾಗ, ಯಾವ ಮನುಷ್ಯನನ್ನೂ ಅಶುದ್ಧನೆನ್ನಬಾರದೆಂದು ದೇವರು ತೋರಿಸಿದರು ಎನ್ನುತ್ತಾರೆ. ಆದ್ದರಿಂದ ದರ್ಶನ ಮನುಷ್ಯರ ಬಗ್ಗೆ, ಊಟದ ಬಗ್ಗೆ ಅಲ್ಲ ಎಂಬುದು ಅವರ ವಾದ. ಅರ್ಧ ಸರಿ. ಆದರೆ 11ನೇ ಅಧ್ಯಾಯಕ್ಕೆ ಹೋಗಿ. ಪೇತ್ರರು ಜೆರುಸಲೇಮಿಗೆ ಮರಳಿದಾಗ ಅಲ್ಲಿಯವರು ಹೊರಿಸಿದ ಆರೋಪ ಏನು? ಅನ್ಯರಿಗೆ ದೀಕ್ಷಾಸ್ನಾನ ಕೊಡಿಸಿದೆ ಎಂದಲ್ಲ. ಸುನ್ನತಿ ಇಲ್ಲದವರ ಮನೆಗೆ ಹೋಗಿ ಅವರೊಡನೆ ಉಂಡೆ ಎಂಬುದು. ಮನುಷ್ಯನನ್ನು ಒಪ್ಪಿಕೊಂಡೆ, ಅವನ ಅನ್ನ ಮಾತ್ರ ಬೇಡ ಎನ್ನಲು ಅಲ್ಲಿ ದಾರಿಯೇ ಇರಲಿಲ್ಲ. ಹೊರಗಿನವರು ಬಂದು ಉಣ್ಣುವಂತಾದಾಗ ಗೆರೆಯ ಕೆಲಸ ಮುಗಿಯಿತು, ಗೆರೆಗಾಗಿ ಇದ್ದ ನಿಯಮದ ಕೆಲಸವೂ ಮುಗಿಯಿತು. ಇದೇ ನಮ್ಮ ಉತ್ತರ. ಕಾಲೇಜಿನ ಗೆಳೆಯನಿಗೂ ಹೇಳಬಹುದಾದ ಉತ್ತರ.

ಇಷ್ಟು ಕಂಡ ಪೇತ್ರರೂ ಆಮೇಲೆ ಹಿಂಜರಿದರು ಎಂಬುದನ್ನು ಪೌಲರು ಗಲಾತ್ಯರಿಗೆ ಬರೆದ ಪತ್ರದಲ್ಲಿ ಮುಚ್ಚಿಡುವುದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರರು ಅನ್ಯಜನರೊಡನೆ ಉಣ್ಣುತ್ತಿದ್ದರು. ಯಕೋಬರ ಕಡೆಯಿಂದ ಕೆಲವರು ಬಂದೊಡನೆ ಬೇರೆ ಕೂತರು. ಬಾರ್ನಬರೂ ಎದ್ದು ಹೋದರು. ಪೌಲರು ಎಲ್ಲರೆದುರು ಮುಖಕ್ಕೆ ಹೇಳಿದರು. ಮೊದಲನೇ ಪೋಪರಿಗೆ ಊಟದ ಪಂಕ್ತಿಯ ವಿಷಯದಲ್ಲಿ ಬುದ್ಧಿಮಾತು! ಜಾತಿಗೊಂದು ಪಂಕ್ತಿ, ಮನೆಯ ಹೊರಗೆ ಬೇರೆ ಲೋಟ ನೋಡಿದ ನಮ್ಮ ನಾಡಿನ ಕ್ರೈಸ್ತರಿಗೆ ಈ ಪುಟ ಎಲ್ಲರಿಗಿಂತ ಹೆಚ್ಚು ಅರ್ಥವಾಗಬೇಕಿತ್ತು. ಜಾತಿಯನ್ನು ಇಗರ್ಜಿಯೊಳಗೂ ತಂದ ನಮ್ಮವರ ಚರಿತ್ರೆ ಬೇರೆಯೇ ಕಥೆ, ಅದಕ್ಕೆ ಇನ್ನೊಂದು ಲೇಖನ ಬೇಕು.

ಇನ್ನು ಕಷ್ಟದ ಜಾಗ. ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ಪ್ರೇಷಿತರು ಸಭೆ ಸೇರಿ (ಅಧ್ಯಾಯ 15) ಅನ್ಯಜನರಿಗೆ ಸುನ್ನತಿ ಬೇಡವೆಂದರು. ಆದರೆ ನಾಲ್ಕನ್ನು ಬಿಡಿ ಎಂದರು: ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಉಸಿರುಕಟ್ಟಿ ಕೊಂದ ಪ್ರಾಣಿಯ ಮಾಂಸ, ಮತ್ತು ಹಾದರ. ಹಂದಿ ಪಟ್ಟಿಯಲ್ಲಿಲ್ಲ, ರಕ್ತ ಇದೆ. ರಕ್ತದ ನಿಷೇಧ ಮೋಶೆಗಿಂತ ಹಳೆಯದು, ಆದಿಕಾಂಡ 9ರಲ್ಲಿ ನೋಹನಿಗೇ ಹೇಳಿದ್ದು. ಇದು ಹೊಸ ಒಡಂಬಡಿಕೆ, "ಬಿಡು" ಎನ್ನಲಾಗದು. ಸಂಪ್ರದಾಯದ ಸೊರ್ಪೊತೆಲ್‌ಗೆ ಹಂದಿಯ ರಕ್ತ ಹಾಕುತ್ತಾರೆಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು.

ಆದಿಸಭೆ ಇದನ್ನು ಗಂಭೀರವಾಗಿಯೇ ಪಾಲಿಸಿತು. 177ರಲ್ಲಿ ಲಿಯೋನ್ ಪಟ್ಟಣದಲ್ಲಿ ಕ್ರೈಸ್ತರು ಶಿಶುಗಳನ್ನು ತಿನ್ನುತ್ತಾರೆಂದು ಪುಕಾರು ಹಬ್ಬಿಸಿ ಹಿಂಸಿಸಿದಾಗ, ಬಿಬ್ಲಿಸ್ ಎಂಬ ಹೆಂಗಸು, ಪ್ರಾಣಿಗಳ ರಕ್ತವನ್ನೂ ತಿನ್ನದ ನಾವು ಮಕ್ಕಳನ್ನು ತಿನ್ನುವುದೆಂತು ಎಂದು ಕೇಳಿ ಪ್ರಾಣ ಕೊಟ್ಟರು. ಪೂರ್ವದ ಸಭೆಗಳು 692ರಲ್ಲೂ ರಕ್ತವನ್ನು ನಿಷೇಧಿಸಿದವು. ಪಶ್ಚಿಮದಲ್ಲಿ ಬೇರೆ ದಾರಿ ಹಿಡಿಯಿತು. ಯೆಹೂದ್ಯರೂ ಅನ್ಯರೂ ಒಂದೇ ಮನೆಯಲ್ಲಿ ಕೂಡಿ ಬಾಳಲೆಂದು ಇಟ್ಟ ನಿಯಮವಿದು, ಈಗ ಅದನ್ನು ಯಾರೂ ಪಾಲಿಸುತ್ತಿಲ್ಲ ಎಂಬರ್ಥದಲ್ಲಿ ಸಂತ ಅಗಸ್ಟೀನರು ಬರೆದರು. 1442ರಲ್ಲಿ ಫ್ಲಾರೆನ್ಸಿನ ಮಹಾಸಭೆ, ಆ ಕಾರಣ ಇಲ್ಲವಾದ ಮೇಲೆ ನಿಯಮವೂ ಇಲ್ಲವಾಯಿತೆಂದು ಸ್ಪಷ್ಟಪಡಿಸಿತು. ಅಂದರೆ ಆ ನಾಲ್ಕರಲ್ಲಿ ಊಟದ ಮೂರನ್ನು ನಮ್ಮ ಸಭೆ ಕಂಡದ್ದು ಒಟ್ಟಿಗೆ ಉಣ್ಣಲು ಬೇಕಾದ ಏರ್ಪಾಡಾಗಿ.

ಹೀಗೆ ನೋಡಿದರೆ ಇನ್ನೊಂದು ಬಿಸಿ ವಿಷಯಕ್ಕೂ ಉತ್ತರ ಸಿಗುತ್ತದೆ. ಕೆಲವು ವರ್ಷಗಳಿಂದ ಕೇರಳದ ಕ್ರೈಸ್ತರ ವಾಟ್ಸಾಪ್ ಗುಂಪುಗಳಲ್ಲಿ ಹಲಾಲ್ ಮಾಂಸ ತಿನ್ನಬೇಡಿ, ಅದು ವಿಗ್ರಹಕ್ಕೆ ಅರ್ಪಿಸಿದ್ದಕ್ಕೆ ಸಮ ಎಂಬ ಸಂದೇಶ ಓಡಾಡುತ್ತಿದೆ. ಮುಸ್ಲಿಮರು ಒಬ್ಬರೇ ದೇವರನ್ನು ಆರಾಧಿಸುವವರೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲೇ ಹೇಳಿದೆ. ಅದು ಹೋಗಲಿ, ನಿಜವಾಗಿ ವಿಗ್ರಹಗಳ ಊರಾಗಿದ್ದ ಕೊರಿಂಥದವರಿಗೇ ಪೌಲರು, ಮಾಂಸದಂಗಡಿಯಲ್ಲಿ ಮಾರುವುದನ್ನು ಪ್ರಶ್ನೆ ಕೇಳದೆ ತಿನ್ನಿ ಎಂದು ಬರೆದರು. ಇನ್ನೂ ಒಂದು ತಮಾಷೆ ಇದೆ. ಹಲಾಲ್ ಕ್ರಮದಲ್ಲಿ ಕೊರಳು ಕೊಯ್ದು ರಕ್ತ ಹರಿಯಬಿಡುತ್ತಾರೆ. 15ನೇ ಅಧ್ಯಾಯವನ್ನು ಅಕ್ಷರಕ್ಕೆ ಅಕ್ಷರ ಪಾಲಿಸಬೇಕೆನ್ನುವವರು ಕೋಳಿ ತರಬೇಕಾದದ್ದು ಅದೇ ಅಂಗಡಿಯಿಂದ.

ಹಾಗಾದರೆ ಶುಕ್ರವಾರ ಮಾಂಸ ಬಿಡುವುದು ಏನು ಎಂದು ಕೂಟದ ಕಿರಿಯರು ಕೇಳಿದರು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ, 14 ತುಂಬಿದವರಿಗೆ ಮಾಂಸವರ್ಜನೆ, ಇವೆಲ್ಲ ಸಭೆಯ ಶಿಸ್ತು. ಆ ದಿನ ಮಾಂಸ ಅಶುದ್ಧವಾಗುವುದಿಲ್ಲ. ಒಳ್ಳೆಯದೆಂದೇ ಬಿಡುತ್ತೇವೆ, ಕೆಟ್ಟದ್ದನ್ನು ಬಿಡುವುದರಲ್ಲಿ ತ್ಯಾಗ ಏನು ಬಂತು? (ತಪಸ್ಸುಕಾಲದ ಶುಕ್ರವಾರ ಕೋಳಿ ಬಿಟ್ಟು ದೊಡ್ಡ ಅಂಜಲ್ ಮೀನು ಫ್ರೈ ಮಾಡಿಸುವವರು ಇದನ್ನು ಎರಡು ಸಲ ಓದಿಕೊಳ್ಳಿ.) ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ ನಮ್ಮ ಹೆಚ್ಚಿನ ಮನೆಗಳಲ್ಲಿ ಹೊಸ ಅಕ್ಕಿಯ ಜೊತೆ ತರಕಾರಿ ಊಟವೇ. ಅಂದು ಮೀನು ಮಾಂಸ ಪಾಪವೆಂದು ಯಾವ ಅಜ್ಜಿಯೂ ಹೇಳಿದ್ದಿಲ್ಲ.

ನಿಯಮ ಹೋಯಿತೆಂದ ಮೇಲೆ ನಮಗೆ ಬೇಕಾದ ಹಾಗೆ ಇರಬಹುದೇ? ಇಲ್ಲಿ ಪೌಲರು ನಮ್ಮ ಕಡೆಗೂ ತಿರುಗುತ್ತಾರೆ. ರೋಮನರಿಗೆ ಬರೆದ ಪತ್ರದ 14ನೇ ಅಧ್ಯಾಯದಲ್ಲಿ ಅವರು ತಿನ್ನುವವನಿಗೆ, ತಿನ್ನದವನನ್ನು ತಾತ್ಸಾರ ಮಾಡಬೇಡ ಎನ್ನುತ್ತಾರೆ. ತಿನ್ನದವನಿಗೆ, ತಿನ್ನುವವನ ಬಗ್ಗೆ ತೀರ್ಪು ಕೊಡಬೇಡ ಎನ್ನುತ್ತಾರೆ. ನಮ್ಮ ಗೆಳೆಯ ಹಂದಿ ತಿನ್ನದಿದ್ದರೆ ಅದು ಅವನ ಮನಸ್ಸಾಕ್ಷಿ, ಅವನ ತಟ್ಟೆಗೆ ಗೇಲಿಗಾಗಿ ತುಂಡು ಹಾಕುವವರು ಕ್ರೈಸ್ತ ಸ್ವಾತಂತ್ರ್ಯವನ್ನು ತೋರಿಸುತ್ತಿಲ್ಲ. ಹಾಗೆಯೇ ಅವನ ಮನಸ್ಸಾಕ್ಷಿಗೆ ಅಜ್ಜಿಯ ಮನೆಯ ಬಾಗಿಲು ಮುಚ್ಚುವ ಅಧಿಕಾರವಿಲ್ಲ. ಅಲ್ಲಿ ಹೋಗಿ ಅನ್ನ, ಬಸಳೆ ಪದಾರ್ಥ ಉಂಡು ಬರಬಹುದು.

ನೆರೆಯವರ ಮಾತೂ ಇದೆ. ಒಂದು ಬದಿಯ ಮನೆಯವರಿಗೆ ಹಂದಿ ಆಗದು, ಇನ್ನೊಂದು ಬದಿಯವರಿಗೆ ದನ ಆಗದು. ಯಾಜಕಕಾಂಡದ ಪ್ರಕಾರ ದನ ಶುದ್ಧ, ಹಂದಿ ಅಶುದ್ಧ, ಆದರೆ ಬೇಲಿಯಾಚೆಗಿನವರೊಡನೆ ಬಾಳಲು ಆ ಪಟ್ಟಿ ಸಹಾಯ ಮಾಡುವುದಿಲ್ಲ. ಮದುವೆ ಹಾಲ್‌ಗಳಲ್ಲಿ ಮುಸ್ಲಿಂ ನೆರೆಯವರು ಬರೇ ಐಸ್‌ಕ್ರೀಂ ತಿಂದು, ಕವರು ಕೊಟ್ಟು ಹೊರಡುವುದನ್ನು ನಾವೆಲ್ಲ ನೋಡಿದ್ದೇವೆ. ಒಂದೇ ಸೌಟು ಎಲ್ಲ ಪಾತ್ರೆಗೂ ಓಡಾಡುವಾಗ ಅವರಾದರೂ ಏನು ಮಾಡಿಯಾರು? ನಾವು ಹಂದಿ ಬಿಡಬೇಕೆಂದಿಲ್ಲ, ಸೌಟು ಬೇರೆ ಇಡಬಹುದಲ್ಲ.

ಈ ಸಲದ ಇಗರ್ಜಿ ಹಬ್ಬದ ಊಟಕ್ಕೆ ಯುವಕೂಟದ ಪರವಾಗಿ ನಾವು ಫಾದರ್‌ಗೂ ಗುರಿಕಾರರಿಗೂ ಒಂದು ಚೀಟಿ ಕೊಟ್ಟಿದ್ದೇವೆ. ಹಂದಿ ಪದಾರ್ಥ ಇರಲಿ, ಆದರೆ ಬೇರೆ ಒಲೆಯಲ್ಲಿ ಬೇಯಲಿ, ಬೇರೆ ಮೇಜಿನಲ್ಲಿ ಇರಲಿ, ಅದರ ಸೌಟು ಅಲ್ಲೇ ಉಳಿಯಲಿ. ಕೋಳಿಯನ್ನು ಹಲಾಲ್ ಅಂಗಡಿಯಿಂದ ತರಿಸೋಣ. ತರಕಾರಿ ಊಟದ ಮೇಜು ಮೂಲೆಯಲ್ಲಿ ಬೇಡ, ನಡುವೆ ಇರಲಿ. ಕುರ್ಚಿಗಳನ್ನು ಮಾತ್ರ ಬೇರೆ ಬೇರೆ ಮಾಡದೆ ಒಂದೇ ಚಪ್ಪರದಡಿ ಹಾಕೋಣ. ಎಲ್ಲೆಲ್ಲಿ ಏನಿದೆಯೆಂದು ಕನ್ನಡದಲ್ಲೂ ಮಲಯಾಳದಲ್ಲೂ ಬೋರ್ಡು ಬರೆಯುವ ಕೆಲಸವನ್ನು ಹಂದಿ ಬಿಟ್ಟ ಗೆಳೆಯನೇ ವಹಿಸಿಕೊಂಡಿದ್ದಾನೆ. ಅಜ್ಜಿಯನ್ನು ಕರೆತರುವ ಆಟೋದಲ್ಲಿ ಯಾರು ಹೋಗುವುದೆಂದು ಇನ್ನೂ ನಿಶ್ಚಯವಾಗಿಲ್ಲ. ನಾವು ಅವನ ಹೆಸರನ್ನೇ ಬರೆದಿಟ್ಟಿದ್ದೇವೆ.